ತಾಮ್ರಪಟದಿಂದ ಬೋರ್ಡಿಂಗ್‌ವರೆಗೆ: ಜೈನ ಸಂಸ್ಥೆಗಳು ಉಳಿದದ್ದು ಹೇಗೆ, ಅಳಿದದ್ದು ಹೇಗೆ

ಒಂದು ಹಳ್ಳಿಯ ಬಸದಿ ಎಂದಿಟ್ಟುಕೊಳ್ಳಿ. ಹಿಂದೆ ಅರವತ್ತು ಮನೆಗಳಿದ್ದವು, ಈಗ ಹನ್ನೆರಡು. ಮಕ್ಕಳೆಲ್ಲ ಬೆಳಗಾವಿ, ಪುಣೆ, ಬೆಂಗಳೂರು ಸೇರಿದ್ದಾರೆ. ಕಮಿಟಿಯಲ್ಲಿ ಇರುವವರು ಇಪ್ಪತ್ತೈದು ವರ್ಷಗಳಿಂದ ಅದೇ ಐದು ಜನ. ಬ್ಯಾಂಕಿನ ಪಾಸ್‌ಬುಕ್ ಒಬ್ಬರ ಮನೆಯಲ್ಲಿ, ಜಮೀನಿನ ಉತಾರ ಇನ್ನೊಬ್ಬರ ಕಪಾಟಿನಲ್ಲಿ. ಪೂಜೆ ಮಾಡುವ ಉಪಾಧ್ಯೆಯವರಿಗೆ ವಯಸ್ಸಾಗಿದೆ, ಅವರ ಮಗ ಬೇರೆ ನೌಕರಿ ಹಿಡಿದಿದ್ದಾನೆ. ಗೋಪುರಕ್ಕೆ ಹೊಸ ಬಣ್ಣ ಬಂದಿದೆ, ನೆಲಕ್ಕೆ ಗ್ರಾನೈಟ್ ಹಾಕಿಸಿದ್ದಾರೆ. ಆದರೆ ಇನ್ನು ಹತ್ತು ವರ್ಷಕ್ಕೆ ಬೆಳಿಗ್ಗೆ ಬಾಗಿಲು ತೆಗೆಯುವವರು ಯಾರು?

ಇಂಥ ಪ್ರಶ್ನೆ ಇಂದು ಅನೇಕ ಊರುಗಳಲ್ಲಿದೆ. ಇದು ಹಣದ ಪ್ರಶ್ನೆ ಎಂದು ಹಲವರು ತಿಳಿಯುತ್ತಾರೆ. ನಿಜವಾಗಿ ಇದು ಸಂಸ್ಥೆಯ ರಚನೆಯ ಪ್ರಶ್ನೆ. ಸಂಸ್ಥೆಯನ್ನು ಹೇಗೆ ಕಟ್ಟಬೇಕು, ಕಾಲ ಬದಲಾದಾಗ ಯಾವುದನ್ನು ಬಿಡಬೇಕು, ಯಾವುದನ್ನು ಬಿಡಬಾರದು ಎಂಬುದನ್ನು ತಿಳಿಯಲು ದೂರ ಹೋಗಬೇಕಿಲ್ಲ. ಖಾನಾಪುರ ತಾಲೂಕಿನ ಹಲಸಿ, ಬೆಳಗಾವಿಯ ಕೋಟೆ ಮತ್ತು ಬೋರ್ಡಿಂಗ್ ಕಟ್ಟಿದ ಸಭೆ, ಈ ಮೂರರಲ್ಲೇ ಬೇಕಾದಷ್ಟು ಪಾಠವಿದೆ.

ಹಲಸಿಯ ತಾಮ್ರಪಟಗಳು: ಬರೆದಿಟ್ಟ ನಿಯಮ

ನಂದಗಡದ ಹತ್ತಿರದ ಹಲಸಿಗೆ ಪ್ರಾಚೀನ ಕಾಲದಲ್ಲಿ ಪಲಾಶಿಕಾ ಎಂದು ಹೆಸರು. ಬನವಾಸಿಯ ಕದಂಬರಿಗೆ ಅದು ಇನ್ನೊಂದು ರಾಜಧಾನಿಯಂತಿತ್ತು. ಅಲ್ಲಿ ಸಿಕ್ಕ 5 ಮತ್ತು 6ನೇ ಶತಮಾನದ ತಾಮ್ರಪಟಗಳನ್ನು 19ನೇ ಶತಮಾನದಲ್ಲಿ ಜೆ.ಎಫ್. ಫ್ಲೀಟ್ ಓದಿ ಪ್ರಕಟಿಸಿದರು. ಇವುಗಳಲ್ಲಿ ಹೆಚ್ಚಿನವು ಜಿನಾಲಯಗಳಿಗೆ ಮತ್ತು ಜೈನ ಸಂಘಗಳಿಗೆ ಕೊಟ್ಟ ದತ್ತಿಗಳು.

ರಾಜ ದಾನ ಕೊಟ್ಟ ಎಂದಷ್ಟೇ ಓದಿ ಮುಂದೆ ಹೋದರೆ ಇವುಗಳ ಮಹತ್ವ ತಿಳಿಯುವುದಿಲ್ಲ. ಇಂದಿನ ಟ್ರಸ್ಟ್ ಡೀಡ್ ಓದಿದ ಹಾಗೆ ಓದಬೇಕು.

ಮೃಗೇಶವರ್ಮ ತನ್ನ ತಂದೆಯ ಮೇಲಿನ ಭಕ್ತಿಯಿಂದ ಪಲಾಶಿಕೆಯಲ್ಲಿ ಜಿನಾಲಯ ಕಟ್ಟಿಸಿ 33 ನಿವರ್ತನ ಭೂಮಿ ಕೊಟ್ಟ. ಕೊಟ್ಟದ್ದು ಒಂದೇ ಸಂಘಕ್ಕಲ್ಲ. ಯಾಪನೀಯ, ನಿರ್ಗ್ರಂಥ, ಕೂರ್ಚಕ ಎಂಬ ಮೂರೂ ಸಂಘಗಳಿಗೆ ಸೇರಿ ಕೊಟ್ಟ. ಅವನ ಮಗ ರವಿವರ್ಮ ಇನ್ನೂ ಸ್ಪಷ್ಟವಾಗಿ ನಿಯಮ ಮಾಡಿದ. ಪುರುಖೇಟಕ ಎಂಬ ಊರಿನ ಉತ್ಪನ್ನದಿಂದ ಪ್ರತಿ ವರ್ಷ ಕಾರ್ತಿಕ ಹುಣ್ಣಿಮೆಯ ಸಮಯದಲ್ಲಿ ಎಂಟು ದಿನ ಜಿನೇಂದ್ರನ ಅಷ್ಟಾಹ್ನಿಕ ಉತ್ಸವ ನಡೆಯಬೇಕು, ಮಳೆಗಾಲದ ನಾಲ್ಕು ತಿಂಗಳು ಯಾಪನೀಯ ತಪಸ್ವಿಗಳಿಗೆ ಆಹಾರದ ವ್ಯವಸ್ಥೆ ಆಗಬೇಕು. ಅವನ ತಮ್ಮ ಭಾನುವರ್ಮನ ಕಾಲದ ಇನ್ನೊಂದು ದತ್ತಿಯಲ್ಲಿ 15 ನಿವರ್ತನ ಭೂಮಿ ಇದೆ. ಅದರ ಉದ್ದೇಶ ಒಂದೇ, ಪ್ರತಿ ಹುಣ್ಣಿಮೆಗೆ ಜಿನಬಿಂಬಕ್ಕೆ ಅಭಿಷೇಕ. ರವಿವರ್ಮನ ಮಗ ಹರಿವರ್ಮ ಒಂದು ಊರನ್ನು ವಾರಿಷೇಣಾಚಾರ್ಯರು ಮುಖ್ಯರಾಗಿದ್ದ ಕೂರ್ಚಕ ಸಂಘಕ್ಕೆ ಕೊಟ್ಟಾಗ, ವಾರ್ಷಿಕ ಪೂಜೆಗೆ ಖರ್ಚಾಗಿ ಉಳಿದದ್ದು ಸಂಘದ ಊಟಕ್ಕೆ ಎಂದು ಬರೆಸಿದ.

ಇದರಲ್ಲಿ ನಾಲ್ಕು ವಿಷಯಗಳು ಎದ್ದು ಕಾಣುತ್ತವೆ. ಕೆಲಸ ಯಾವುದು ಎಂದು ಹೇಳಿದೆ. ಅದಕ್ಕೆ ಹಣ ಎಲ್ಲಿಂದ ಎಂದು ಹೇಳಿದೆ. ಜವಾಬ್ದಾರಿ ಯಾರದು ಎಂದು ಹೆಸರು ಬರೆದಿದೆ. ಉಳಿಕೆ ಎಲ್ಲಿಗೆ ಹೋಗಬೇಕು ಎಂದೂ ಬರೆದಿದೆ. ಇಂದು ಎಷ್ಟು ಕಮಿಟಿಗಳ ಠರಾವು ಪುಸ್ತಕದಲ್ಲಿ ಈ ನಾಲ್ಕೂ ಸಿಗುತ್ತವೆ?

ಇನ್ನೊಂದು ಸಂಗತಿ. ಕಾಕುಸ್ಥವರ್ಮ ತನ್ನನ್ನು ಕಾಪಾಡಿದ ಸೇನಾಪತಿ ಶ್ರುತಕೀರ್ತಿಗೆ ಖೇಟ ಗ್ರಾಮದಲ್ಲಿ ಕೊಟ್ಟ ದತ್ತಿ ಅಲ್ಲಿಗೇ ನಿಲ್ಲಲಿಲ್ಲ. ಮುಂದೆ ಮೃಗೇಶವರ್ಮ ಅದನ್ನು ಆ ಮನೆತನದ ದಾಮಕೀರ್ತಿಯ ತಾಯಿಗೆ ಕೊಟ್ಟ. ರವಿವರ್ಮನ ಕಾಲಕ್ಕೆ ದಾಮಕೀರ್ತಿಯ ಹಿರಿಯ ಮಗ ಜಯಕೀರ್ತಿ ಅದನ್ನು ಧರ್ಮಕಾರ್ಯಕ್ಕೆ ಮುಂದುವರಿಸಿದ. ಅಜ್ಜ ಕೊಟ್ಟಿದ್ದಾನೆ, ಸಾಕು ಎಂದು ಯಾರೂ ಸುಮ್ಮನಿರಲಿಲ್ಲ. ಪ್ರತಿ ತಲೆಮಾರೂ ಮತ್ತೆ ಬರೆಯಿತು, ಆಗಿನ ಕಾಲಕ್ಕೆ ತಕ್ಕಂತೆ ಬರೆಯಿತು.

ಆದರೂ ಆ ವ್ಯವಸ್ಥೆ ಉಳಿಯಲಿಲ್ಲ. ಕದಂಬರ ಆಳ್ವಿಕೆ ಮುಗಿದು ಬಾದಾಮಿಯ ಚಾಲುಕ್ಯರು ಬಂದರು. ತಾಮ್ರಪಟಗಳು ಮಣ್ಣಿನಡಿ ಸೇರಿದವು. ಕೂರ್ಚಕ ಸಂಘದ ಹೆಸರು ಈಗ ಹೆಚ್ಚಾಗಿ ಕದಂಬರ ಶಾಸನಗಳಲ್ಲಷ್ಟೇ ಸಿಗುತ್ತದೆ. ನಿಯಮ ಚೆನ್ನಾಗಿತ್ತು, ಆದರೆ ಆಸರೆ ಮುಖ್ಯವಾಗಿ ಒಂದೇ ಅರಮನೆಯದಾಗಿತ್ತು.

ಬೆಳಗಾವಿ ಕೋಟೆ: ಹಲವು ಕೈಗಳ ದತ್ತಿ

ಸುಮಾರು 700 ವರ್ಷಗಳ ನಂತರ ಬೆಳಗಾವಿಯಲ್ಲಿ ಬೇರೆ ರೀತಿಯ ರಚನೆ ಕಾಣುತ್ತದೆ. ಆಗ ಊರಿನ ಹೆಸರು ವೇಣುಗ್ರಾಮ, ಆಳುತ್ತಿದ್ದವರು ರಟ್ಟರು. ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಿರಾಜ ಕೋಟೆಯೊಳಗೆ ರಟ್ಟ ಜಿನಾಲಯ ಕಟ್ಟಿಸಿದ. ಕೋಟೆಯೊಳಗಿನ ಕಮಲ ಬಸದಿಗೆ ಹೋದವರೆಲ್ಲ ತಲೆ ಎತ್ತಿ ಛಾವಣಿಯ ಕಲ್ಲಿನ ಕಮಲ ನೋಡುತ್ತಾರೆ. 1204ರ ಶಾಸನಗಳನ್ನು ನೋಡಬೇಕೆಂದರೆ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂಗೆ ಹೋಗಬೇಕು.

ಆ ಶಾಸನಗಳಲ್ಲಿ ರಾಜ ಆಚಾರ್ಯ ಶುಭಚಂದ್ರ ಭಟ್ಟಾರಕರಿಗೆ ಕೊಟ್ಟ ಭೂದಾನ ಇದೆ. ಅದರ ಜೊತೆಗೆ ವ್ಯಾಪಾರಿಗಳ ಪಾಲೂ ಇದೆ. ಊರಿನ ಮುಮ್ಮುರಿದಂಡ ವರ್ತಕ ಸಮೂಹ, ಬೇರೆ ಬೇರೆ ಕಸುಬಿನವರು, ಗುಜರಾತ ಕಡೆಯ ಲಾಟ ವರ್ತಕರು, ಮಲೆಯಾಳದ ವರ್ತಕರು ಎಲ್ಲರೂ ಸೇರಿ ತಮ್ಮ ತಮ್ಮ ಸರಕಿನ ಮೇಲೆ ಇಷ್ಟಿಷ್ಟು ಎಂದು ಬಸದಿಗೆ ಬಿಟ್ಟುಕೊಟ್ಟರು. ಒಬ್ಬೊಬ್ಬರ ಪಾಲು ಸಣ್ಣದು, ಕೊಡುವ ಕೈಗಳು ಬಹಳ.

ವ್ಯಾಪಾರ ಗೊತ್ತಿದ್ದವರಿಗೆ ಇದರ ಬಲ ತಕ್ಷಣ ತಿಳಿಯುತ್ತದೆ. ಒಂದೇ ದೊಡ್ಡ ಗಿರಾಕಿಯನ್ನು ನಂಬಿದ ಅಂಗಡಿ ಆ ಗಿರಾಕಿ ಹೋದ ದಿನ ಮುಚ್ಚುತ್ತದೆ. ನೂರು ಸಣ್ಣ ಗಿರಾಕಿಗಳಿದ್ದರೆ ಹತ್ತು ಜನ ಹೋದರೂ ಅಂಗಡಿ ನಡೆಯುತ್ತದೆ. ಜೊತೆಗೆ, ಪಾಲು ಕೊಟ್ಟವನು ಬಸದಿ ಹೇಗೆ ನಡೆದಿದೆ ಎಂದು ಕೇಳುತ್ತಾನೆ.

13ನೇ ಶತಮಾನದಲ್ಲಿ ರಟ್ಟರು ಹೋಗಿ ಸೇವುಣರು ಬಂದರು, ಮುಂದೆ ಕೋಟೆ ಹಲವು ಕೈ ಬದಲಾಯಿತು. ಕೋಟೆಯೊಳಗೆ ಸಂತೆ, ವರ್ತಕರು ಇಲ್ಲದಾದ ಮೇಲೆ ಸರಕಿನ ಮೇಲಿನ ಪಾಲು ಎಲ್ಲಿಂದ ಬರಬೇಕು? ಕಲ್ಲಿನ ಕಟ್ಟಡ ಉಳಿಯಿತು, ಅದನ್ನು ನಡೆಸುತ್ತಿದ್ದ ವ್ಯವಸ್ಥೆ ಉಳಿಯಲಿಲ್ಲ.

ಯಾಪನೀಯರ ವಿಷಯ ಇನ್ನೂ ಗಮನಿಸುವಂಥದ್ದು. ಮುನಿಗಳ ಆಚಾರದಲ್ಲಿ ದಿಗಂಬರರಂತೆ, ಸ್ತ್ರೀಮುಕ್ತಿಯಂಥ ವಿಚಾರಗಳಲ್ಲಿ ಶ್ವೇತಾಂಬರರಂತೆ ಇದ್ದ ಈ ಸಂಘ ಬೆಳಗಾವಿ ಭಾಗದಲ್ಲಿ ಬಹುಕಾಲ ಪ್ರಬಲವಾಗಿತ್ತು. ಕ್ರಮೇಣ ಅದು ದಿಗಂಬರ ಸಮಾಜದಲ್ಲಿ ಬೆರೆತುಹೋಯಿತು. ಬೆಳಗಾವಿ ಜಿಲ್ಲೆಯ ಸದಲಗಾದಲ್ಲಿ ಹುಟ್ಟಿದ ವಿದ್ವಾಂಸ ಡಾ. ಆ.ನೇ. ಉಪಾಧ್ಯೆಯವರು ಯಾಪನೀಯರ ಬಗ್ಗೆ ಬರೆಯುತ್ತ, ಅವರು ಪ್ರತಿಷ್ಠಾಪಿಸಿದ ಹಲವು ಬಿಂಬಗಳಿಗೆ ಈಗ ದಿಗಂಬರರು ಪೂಜೆ ಮಾಡುತ್ತಿರುವುದನ್ನು ಗುರುತಿಸಿದ್ದಾರೆ. ಬೆಳಗಾವಿಯ ದೊಡ್ಡ ಬಸದಿಯ ನೇಮಿನಾಥ ಬಿಂಬವೂ ಅವುಗಳಲ್ಲಿ ಒಂದು. ಸಂಘದ ಹೆಸರು ಹೋಯಿತು, ಪೂಜೆ ನಿಲ್ಲಲಿಲ್ಲ. ಹೆಸರು ಉಳಿಯಬೇಕೋ ಕೆಲಸ ಉಳಿಯಬೇಕೋ ಎಂಬ ಪ್ರಶ್ನೆ ಬಂದಾಗ ಇದನ್ನು ನೆನೆಯಬೇಕು.

1899ರ ಸಭೆ: ಕಾಲಕ್ಕೆ ತಕ್ಕ ರಚನೆ

ರಾಜಾಶ್ರಯ ಇಲ್ಲದ ಕಾಲದಲ್ಲಿ ಸಮಾಜವೇ ಸಂಸ್ಥೆ ಕಟ್ಟಬೇಕಾಯಿತು. ಇಂದಿನ ನಿಪ್ಪಾಣಿ ತಾಲೂಕಿನ ಸ್ತವನಿಧಿ ಕ್ಷೇತ್ರದಲ್ಲಿ 1899ರಲ್ಲಿ ದಕ್ಷಿಣ ಮಹಾರಾಷ್ಟ್ರ ಜೈನ ಸಭೆ ಹುಟ್ಟಿತು. ಅದೇ ಇಂದಿನ ದಕ್ಷಿಣ ಭಾರತ ಜೈನ ಸಭೆ. ಅದರ ಆರಂಭದ ನಾಯಕರಲ್ಲಿ ಪ್ರಮುಖರಾದ ಅಣ್ಣಾಸಾಹೇಬ ಲಠ್ಠೆ ಮುಂದೆ ಬೆಳಗಾವಿಯಲ್ಲಿ ವಕೀಲಿ ಮಾಡಿದರು, ಕೊಲ್ಹಾಪುರ ಸಂಸ್ಥಾನದ ದಿವಾನರಾದರು, 1937ರಲ್ಲಿ ಮುಂಬಯಿ ಪ್ರಾಂತ್ಯದ ಹಣಕಾಸು ಮಂತ್ರಿಯಾದರು.

ಆಗ ಸಮಾಜದ ಹೆಚ್ಚಿನವರು ಹಳ್ಳಿಯ ಒಕ್ಕಲಿಗರು. ಹುಡುಗ ಓದಬೇಕೆಂದರೆ ಪಟ್ಟಣದಲ್ಲಿ ಇರಲು ಜಾಗವಿಲ್ಲ, ರಾತ್ರಿಭೋಜನ ತ್ಯಾಗ ಮಾಡಿದವನಿಗೆ ತಕ್ಕ ಊಟವಿಲ್ಲ. ಆದ್ದರಿಂದ ಸಭೆ ಬೋರ್ಡಿಂಗ್‌ಗಳ ಕಡೆಗೆ ಗಮನ ಕೊಟ್ಟಿತು. ಕೊಲ್ಹಾಪುರ, ಸಾಂಗಲಿ, ಬೆಳಗಾವಿ, ಹುಬ್ಬಳ್ಳಿಗಳಲ್ಲಿ ವಿದ್ಯಾರ್ಥಿಗಳಿಗೆ ವಸತಿ ಆಯಿತು. ಬೆಳಗಾವಿಯ ಮಾಣಿಕಬಾಗ ಬೋರ್ಡಿಂಗ್ ಎಂದರೆ ಇಂದಿಗೂ ಗೊತ್ತಿಲ್ಲದ ಮನೆ ಕಡಿಮೆ. ಸಭೆಯ ವಿಚಾರಗಳನ್ನು ಮನೆಮನೆಗೆ ಮುಟ್ಟಿಸಲು ‘ಪ್ರಗತಿ ಆಣಿ ಜಿನವಿಜಯ’ ಪತ್ರಿಕೆ ಇತ್ತು, ಎಲ್ಲರೂ ಕೂಡಲು ಅಧಿವೇಶನಗಳಿದ್ದವು.

1956ರ ನವೆಂಬರ್ 1ರಂದು ಬೆಳಗಾವಿ, ಹುಬ್ಬಳ್ಳಿ ಮೈಸೂರು ರಾಜ್ಯಕ್ಕೆ ಬಂದವು. ಕೊಲ್ಹಾಪುರ, ಸಾಂಗಲಿ ಆ ಕಡೆ ಉಳಿದವು. ರಾಜ್ಯ ಎರಡು, ಸರ್ಕಾರಿ ಭಾಷೆ ಎರಡು. ಆದರೂ ಸಭೆ ಎರಡಾಗಲಿಲ್ಲ. ಒಂದೊಂದು ಊರಿನ ಬೋರ್ಡಿಂಗ್ ತನ್ನ ಊರಿನಲ್ಲಿ ಬೇರೂರಿತ್ತು, ಸಭೆ ಅವುಗಳನ್ನು ಜೋಡಿಸುವ ದಾರವಾಗಿತ್ತು. ಮುಂದೆ ಮಹಿಳೆಯರ ವಿಭಾಗ, ವಿದ್ಯಾರ್ಥಿವೇತನ, ಯುವಕರಿಗಾಗಿ ವೀರ ಸೇವಾ ದಳ ಎಲ್ಲ ಸೇರಿದವು. ಮೂಲ ಉದ್ದೇಶ ವಿದ್ಯೆ ಮತ್ತು ಸಂಸ್ಕಾರ. ಅದು ಬದಲಾಗಲಿಲ್ಲ, ಅದನ್ನು ಮಾಡುವ ದಾರಿಗಳು ಹೆಚ್ಚಾದವು.

ಎಲ್ಲವೂ ಸುಗಮವಾಗಿತ್ತು ಎಂದಲ್ಲ. ಕುಂಭೋಜದಲ್ಲಿ 1887ರಲ್ಲಿ ಹುಟ್ಟಿದ ಭಾವುರಾವ ಪಾಟೀಲರು ಕೊಲ್ಹಾಪುರದ ಜೈನ ಬೋರ್ಡಿಂಗ್‌ನಲ್ಲಿದ್ದ ವಿದ್ಯಾರ್ಥಿ. ಅಸ್ಪೃಶ್ಯರೆಂದು ಕರೆಯಲ್ಪಡುತ್ತಿದ್ದವರ ವಸತಿಗೃಹದ ಸಮಾರಂಭಕ್ಕೆ ಹೋಗಿ ಬಂದದ್ದಕ್ಕೆ ಸ್ನಾನ ಮಾಡಲು ಒಪ್ಪದೆ, ಅವರು ಬೋರ್ಡಿಂಗ್ ಬಿಡಬೇಕಾಯಿತು. ಅದೇ ಭಾವುರಾವರು 1919ರಲ್ಲಿ ರಯತ ಶಿಕ್ಷಣ ಸಂಸ್ಥೆ ಸ್ಥಾಪಿಸಿ, ಎಲ್ಲ ಜಾತಿಯ ಮಕ್ಕಳು ಒಟ್ಟಿಗೆ ಉಂಡು ಓದುವ ವಸತಿಗೃಹ ನಡೆಸಿದರು. ಮಕ್ಕಳ ಊಟಕ್ಕೆ ಅವರ ಪತ್ನಿ ಲಕ್ಷ್ಮೀಬಾಯಿ ಒಡವೆ ಮಾರಿದರು. ಇಂದು ‘ಕರ್ಮವೀರ’ ಎಂದು ಇಡೀ ಸಮಾಜ ಹೆಮ್ಮೆಯಿಂದ ಹೇಳುವುದು ಅವರನ್ನೇ. ಪ್ರಶ್ನೆ ಕೇಳಿದ ಹುಡುಗನನ್ನು ಹೊರಗೆ ಕಳಿಸುವ ಮೊದಲು ಪ್ರತಿ ಸಂಸ್ಥೆಯೂ ಈ ಕಥೆ ನೆನೆಯಬೇಕು. ನಿಯಮ ಯಾವುದು, ರೂಢಿ ಯಾವುದು ಎಂದು ಬೇರ್ಪಡಿಸುವ ಶಕ್ತಿ ಸಂಸ್ಥೆಗೆ ಇರಬೇಕು.

ಕಾನೂನು ಬದಲಾದಾಗ

ಹೊರಗಿನ ಬದಲಾವಣೆ ಹೇಳಿ ಬರುವುದಿಲ್ಲ. ಕರ್ನಾಟಕದ ಭೂಸುಧಾರಣೆಯಲ್ಲಿ ಗೇಣಿದಾರರು ಉಳುತ್ತಿದ್ದ ಜಮೀನು 1974ರ ಮಾರ್ಚ್ 1ರಿಂದ ಸರ್ಕಾರಕ್ಕೆ ಸೇರಿತು. ಉಳುವವನಿಗೆ ಭೂಮಿ ಸಿಕ್ಕಿತು, ಅದು ನ್ಯಾಯವೇ. ಆದರೆ ಗೇಣಿಯ ಭತ್ತ, ಜೋಳದ ಮೇಲೆ ನಡೆಯುತ್ತಿದ್ದ ಬಸದಿ, ಮಠ, ದೇವಸ್ಥಾನಗಳು ಬೇರೆ ದಾರಿ ಹುಡುಕಬೇಕಾಯಿತು. ವರ್ಗಣಿ, ಪೂಜಾ ನಿಧಿ, ಮಳಿಗೆ ಬಾಡಿಗೆ ಎಂದು ಬದಲಾಯಿಸಿಕೊಂಡವು ಚೇತರಿಸಿಕೊಂಡವು. ಬದಲಾಯಿಸದವು ದೀಪದ ಎಣ್ಣೆಗೂ ಕಷ್ಟಪಟ್ಟವು.

ಇದಕ್ಕೆ ಉಲ್ಟಾ ಅವಕಾಶವೂ ಬರುತ್ತದೆ. 2014ರ ಜನವರಿಯಲ್ಲಿ ಕೇಂದ್ರ ಸರ್ಕಾರ ಜೈನರನ್ನು ರಾಷ್ಟ್ರಮಟ್ಟದ ಅಲ್ಪಸಂಖ್ಯಾತ ಸಮುದಾಯವೆಂದು ಅಧಿಸೂಚಿಸಿತು. ಆದರೆ ಅಂಥ ಸೌಲಭ್ಯಗಳ ಲಾಭ ಪಡೆಯಲು ನೋಂದಣಿ, ಆಡಿಟ್, ಸರಿಯಾದ ಕಾಗದಪತ್ರ ಬೇಕು. ಪಾಸ್‌ಬುಕ್ ಒಂದು ಮನೆಯಲ್ಲಿ, ಉತಾರ ಇನ್ನೊಂದು ಮನೆಯಲ್ಲಿ ಇದ್ದರೆ ಅವಕಾಶ ಬಾಗಿಲಿಗೆ ಬಂದು ಹಿಂದಿರುಗುತ್ತದೆ.

ಪ್ರತಿ ಕಮಿಟಿ ಕೇಳಿಕೊಳ್ಳಬೇಕಾದ ಐದು ಪ್ರಶ್ನೆ

1. ಸಂಸ್ಥೆ ಇರುವುದು ಯಾವ ಕೆಲಸಕ್ಕೆ? ಅದನ್ನು ಎರಡು ಸಾಲಿನಲ್ಲಿ ಬರೆದಿಟ್ಟಿದೆಯೇ?

2. ಆದಾಯ ಎಷ್ಟು ಕಡೆಯಿಂದ ಬರುತ್ತದೆ? ಒಬ್ಬ ದಾನಿ ಅಥವಾ ಒಂದೇ ಬಾಡಿಗೆಯ ಮೇಲೆ ನಿಂತಿದ್ದರೆ ಅದು ಬಲವಲ್ಲ. ವರ್ಷಕ್ಕೆ ಐನೂರು ರೂಪಾಯಿ ಕೊಡುವ ಇನ್ನೂರು ಮನೆಗಳು ಎಂದರೆ ಒಂದು ಲಕ್ಷ ರೂಪಾಯಿ, ಜೊತೆಗೆ ಇನ್ನೂರು ಮನೆಗಳ ಕಾಳಜಿ.

3. ಕಾಗದಪತ್ರ, ಕೀಲಿಕೈ, ಲೆಕ್ಕ ಎಲ್ಲಿವೆ ಎಂದು ಕನಿಷ್ಠ ಮೂರು ಜನರಿಗೆ ಗೊತ್ತಿದೆಯೇ?

4. ಕಮಿಟಿಯಲ್ಲಿ ಮಹಿಳೆಯರು, ನಲವತ್ತರೊಳಗಿನವರು ಎಷ್ಟು? ಬೆಳಗಾವಿಗೆ ಹೋಗಿ ನೆಲೆಸಿದ ಊರಿನ ಮಕ್ಕಳಿಗೆ ಸಭೆಯಲ್ಲಿ ಜಾಗವಿದೆಯೇ, ಅಥವಾ ಪಾವತಿ ಪುಸ್ತಕ ಮಾತ್ರ ಅವರ ಮನೆಗೆ ಹೋಗುತ್ತದೆಯೇ?

5. ಒಂದು ಊರಿನಿಂದ ನಡೆಸಲು ಆಗದಿದ್ದರೆ ಪಕ್ಕದ ನಾಲ್ಕು ಊರು ಸೇರಿ ಒಬ್ಬ ಉಪಾಧ್ಯೆಯವರನ್ನು, ಒಬ್ಬ ಲೆಕ್ಕ ಬರೆಯುವವರನ್ನು ಇಟ್ಟುಕೊಳ್ಳಲು ತಯಾರಿದ್ದೇವೆಯೇ?

ಐದನೆಯ ಪ್ರಶ್ನೆಗೆ ಉತ್ತರಿಸುವುದು ಎಲ್ಲಕ್ಕಿಂತ ಕಷ್ಟ, ಏಕೆಂದರೆ ಅಲ್ಲಿ ಊರಿನ ಮಾನ ಅಡ್ಡ ಬರುತ್ತದೆ. ಆದರೆ ಪಲಾಶಿಕೆಯ ಒಂದೇ ದತ್ತಿಯಲ್ಲಿ ಮೂರು ಸಂಘಗಳು ಪಾಲು ಪಡೆದಿದ್ದವು ಎಂಬುದನ್ನು ಮರೆಯಬಾರದು.

ಜೈನ ದರ್ಶನದ ಪ್ರಕಾರ ಪ್ರತಿ ದ್ರವ್ಯದಲ್ಲೂ ಹುಟ್ಟು, ಅಳಿವು, ಸ್ಥಿರತೆ ಮೂರೂ ಏಕಕಾಲಕ್ಕೆ ಇರುತ್ತವೆ. ಚಿನ್ನದ ಬಳೆಯನ್ನು ಕರಗಿಸಿ ಸರ ಮಾಡಿದರೆ ಬಳೆ ಹೋಯಿತು, ಸರ ಬಂತು, ಚಿನ್ನ ಹಾಗೇ ಇದೆ. ಸಂಸ್ಥೆಗೂ ಇದು ಅನ್ವಯಿಸುತ್ತದೆ. ಪೂಜೆ, ಸ್ವಾಧ್ಯಾಯ, ಮುನಿಗಳ ಆಹಾರ, ಮಕ್ಕಳ ವಿದ್ಯೆ, ಇವು ಚಿನ್ನ. ಕಮಿಟಿ, ಪದವಿ, ಪದ್ಧತಿ ಇವೆಲ್ಲ ಬಳೆ. ಬಳೆಯ ಮೇಲಿನ ಮೋಹಕ್ಕೆ ಚಿನ್ನ ಕಳೆದುಕೊಳ್ಳಬಾರದು.

ಈ ವರ್ಷದ ಚಾತುರ್ಮಾಸದಲ್ಲಿ ಪ್ರತಿ ಊರಿನ ಕಮಿಟಿ ಒಂದು ಸಂಜೆ ಕುಳಿತು ಈ ಐದು ಪ್ರಶ್ನೆಗಳಿಗೆ ಉತ್ತರ ಬರೆದರೂ ಸಾಕು. ತಾಮ್ರಪಟ ಬೇಡ, ನೂರು ಪುಟದ ಒಂದು ನೋಟ್‌ಬುಕ್ ಇದ್ದರೆ ಆಯಿತು.

ಜೈ ಜಿನೇಂದ್ರ.