ಆಲಿವ್ ಎಣ್ಣೆ, ನಿಂಬೆರಸ ಕುಡಿದರೆ ಪಿತ್ತಕೋಶದ ಕಲ್ಲು ಬಿದ್ದುಹೋಗುತ್ತದೆಯೇ?

ಕೆಲವು ದಿನ ಸೇಬಿನ ಜ್ಯೂಸ್ ಕುಡಿದು, ಕೊನೆಯ ರಾತ್ರಿ ಆಲಿವ್ ಎಣ್ಣೆಗೆ ನಿಂಬೆರಸ ಬೆರೆಸಿ ಕುಡಿದರೆ ಬೆಳಗ್ಗೆ ಕಲ್ಲುಗಳೆಲ್ಲ ಹೊರಬರುತ್ತವೆ, ಆಪರೇಷನ್ ಬೇಕಿಲ್ಲ ಎನ್ನುವ ಮೆಸೇಜ್ ನಿಮಗೂ ಬಂದಿರಬಹುದು. ಇದು ನಿಜವೇ?

ಮಲದಲ್ಲಿ ಹಸಿರು ಉಂಡೆಗಳು ಬರುವುದು ನಿಜ. ಆದರೆ ಅವು ಕಲ್ಲುಗಳಲ್ಲ. ನ್ಯೂಜಿಲೆಂಡ್‌ನ ವೈದ್ಯರು ಮಹಿಳೆಯೊಬ್ಬರು ತಂದ ಇಂಥ ಉಂಡೆಗಳನ್ನು ಪರೀಕ್ಷಿಸಿ, 2005ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವರದಿ ಮಾಡಿದರು. ಅವುಗಳಲ್ಲಿ ಕೊಲೆಸ್ಟ್ರಾಲ್, ಕ್ಯಾಲ್ಸಿಯಂ ಯಾವುದೂ ಇರಲಿಲ್ಲ. ಕುಡಿದ ಎಣ್ಣೆ ಹೊಟ್ಟೆಯಲ್ಲಿ ಒಡೆದು, ನಿಂಬೆರಸದ ಪೊಟ್ಯಾಶಿಯಂ ಜೊತೆ ಸೇರಿ ಆದ ಸಾಬೂನು ಅದು! ನಿಜವಾದ ಕಲ್ಲುಗಳನ್ನು ಆಕೆಗೆ ಕೊನೆಗೆ ಆಪರೇಷನ್ ಮಾಡಿಯೇ ತೆಗೆದರು.

ಹೀಗೆ ಕಾಯುತ್ತಾ ಕುಳಿತರೆ ಏನಾಗುತ್ತದೆ?

ಪಿತ್ತಕೋಶ ಎಂದರೆ ಯಕೃತ್ತಿನ ಕೆಳಗಿರುವ ಪುಟ್ಟ ಚೀಲ. ಕಲ್ಲಿನಿಂದ ಮತ್ತೆ ಮತ್ತೆ ಉರಿಯೂತವಾದರೆ ಅದರ ಗೋಡೆ ದಪ್ಪವಾಗಿ, ಅಕ್ಕಪಕ್ಕದ ಅಂಗಗಳಿಗೆ ಅಂಟಿಕೊಳ್ಳುತ್ತದೆ. ಆಗ ಆಪರೇಷನ್ನೂ ಕಷ್ಟ. ಕೆಲವರಲ್ಲಿ ಕೀವು ತುಂಬಿ ಚೀಲ ಒಡೆಯಬಹುದು. ಕಲ್ಲು ಪಿತ್ತನಾಳಕ್ಕೆ ಜಾರಿದರೆ ಕಾಮಾಲೆ, ಸೋಂಕು, ಮೇದೋಜೀರಕ ಗ್ರಂಥಿಯ ಊತ ಬರಬಹುದು. ಅಪರೂಪಕ್ಕೆ ಕ್ಯಾನ್ಸರ್ ಕೂಡ. ನಾಳದಲ್ಲಿ ಸಿಕ್ಕಿಕೊಂಡ ಕಲ್ಲಿನಿಂದ ಬಂದ ಕಾಮಾಲೆಗೆ ನಾಟಿ ಔಷಧಿ ಕುಡಿಯುತ್ತಾ ಕುಳಿತರೆ ಅಮೂಲ್ಯ ಸಮಯ ಕಳೆದುಹೋಗುತ್ತದೆ.

ಚಿಕಿತ್ಸೆ ಏನು?

ಕಲ್ಲಿದ್ದರೂ ಯಾವ ತೊಂದರೆಯೂ ಇಲ್ಲದವರಿಗೆ ಸಾಮಾನ್ಯವಾಗಿ ಆಪರೇಷನ್ ಬೇಕಾಗುವುದಿಲ್ಲ. ನೋವು ಮರುಕಳಿಸುತ್ತಿದ್ದರೆ ಲ್ಯಾಪರೊಸ್ಕೋಪಿ ಮೂಲಕ, ಸಣ್ಣ ರಂಧ್ರಗಳಿಂದ, ಇಡೀ ಪಿತ್ತಕೋಶವನ್ನೇ ತೆಗೆಯುತ್ತಾರೆ. ಕಲ್ಲು ಮಾತ್ರ ತೆಗೆದರೆ ಮತ್ತೆ ಬೆಳೆಯುವ ಸಾಧ್ಯತೆ ಇದೆ. ನಾಳದಲ್ಲಿರುವ ಕಲ್ಲನ್ನು ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿ ತೆಗೆಯುತ್ತಾರೆ.

ಪಿತ್ತಕೋಶ ಇಲ್ಲದಿದ್ದರೆ ಊಟ ಜೀರ್ಣವಾಗುವುದೇ? ಆಗುತ್ತದೆ. ಪಿತ್ತರಸ ತಯಾರಾಗುವುದು ಯಕೃತ್ತಿನಲ್ಲಿ. ಪಿತ್ತಕೋಶ ಅದನ್ನು ಕೂಡಿಡುವ ಚೀಲ ಅಷ್ಟೇ. ಕೆಲವರಿಗೆ ಸ್ವಲ್ಪ ದಿನ ಭೇದಿಯಾಗಬಹುದು.

ಯಾವಾಗ ಆಸ್ಪತ್ರೆಗೆ ಹೋಗಬೇಕು?

ಊಟದ ನಂತರ ಬಲಪಕ್ಕೆಯ ಕೆಳಗೆ ನೋವು ಬಂದು ಬೆನ್ನಿಗೋ ಬಲಭುಜಕ್ಕೋ ಹರಡುತ್ತಿದೆಯೇ? ‘ಗ್ಯಾಸ್ಟ್ರಿಕ್’ ಎಂದು ಮಾತ್ರೆ ನುಂಗುತ್ತಾ ಇರಬೇಡಿ. ಲಕ್ಕೂರಿನ ಕಡೆಯವರಾದರೆ ಮಾಲೂರಿನ ತಾಲೂಕು ಆಸ್ಪತ್ರೆಯಲ್ಲೋ ಕೋಲಾರದ ಎಸ್‌ಎನ್‌ಆರ್ ಜಿಲ್ಲಾಸ್ಪತ್ರೆಯಲ್ಲೋ ವೈದ್ಯರಿಗೆ ತೋರಿಸಿ, ಅಲ್ಟ್ರಾಸೌಂಡ್ ಸ್ಕ್ಯಾನ್ ಬಗ್ಗೆ ಕೇಳಿ. ರೇಷನ್ ಕಾರ್ಡ್, ಆಧಾರ್ ಜೊತೆಗಿರಲಿ. ‘ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ’ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ಅವಕಾಶವಿದೆ.

ನೋವಿನ ಜೊತೆ ಚಳಿಜ್ವರ, ಕಣ್ಣು ಹಳದಿಯಾಗುವುದು ಅಥವಾ ನಿಲ್ಲದ ವಾಂತಿ ಇದ್ದರೆ ಬೆಳಗಾಗಲಿ ಎಂದು ಕಾಯಬೇಡಿ. ಅದೇ ರಾತ್ರಿ ಹೊರಡಿ. ಗ್ರೂಪಿನಲ್ಲಿ ಫಾರ್ವರ್ಡ್ ಮಾಡಬೇಕಾದ ಮಾತು ಇದು.