ಪಹಣಿಯಲ್ಲಿ ಯಾರ ಹೆಸರಿದೆ? ಊರಿನ ರೈತ ಸಹಾಯಧನ ಮತ್ತು ನಾವು



ಕೋಬೆ ಎಂದರೆ ಬಂದರು, ಸಾನ್ನೊಮಿಯಾ ಎಂದುಕೊಂಡವರು ಒಮ್ಮೆ ರೊಕ್ಕೊ ಬೆಟ್ಟದ ಆಚೆ ಕಿತಾ ವಾರ್ಡಿಗೆ ಹೋಗಿ ನೋಡಿ. ಅದೂ ಕೋಬೆ ನಗರವೇ, ಆದರೆ ಭತ್ತದ ಗದ್ದೆಗಳಿವೆ! ಇನ್ನೂ ಉತ್ತರಕ್ಕೆ, ತಾಕಾ ಪಟ್ಟಣದ ಇಸಾರಿಗಾಮಿಯ ಮೆಟ್ಟಿಲು ಗದ್ದೆ ಕಂಡರೆ ಮಲೆನಾಡಿನವರಿಗೆ ಊರು ನೆನಪಾಗದೆ ಇರದು. ಇಂಥ ಹಳ್ಳಿಗಳಲ್ಲಿ ಕೆಲಸ ಮಾಡುವವರು ಬಹುತೇಕ ವಯಸ್ಸಾದವರು. ಮಕ್ಕಳು ಒಸಾಕಾದಲ್ಲೋ ಟೋಕಿಯೋದಲ್ಲೋ ಇರುತ್ತಾರೆ. (ನಮ್ಮ ಕಥೆಯೂ ಅದೇ ಬಿಡಿ.)

ಈ ಗದ್ದೆಗಳು ಪಾಳು ಬೀಳದಿರಲಿ ಎಂದು ಜಪಾನ್ ಸರ್ಕಾರ 2000ನೇ ಇಸವಿಯಿಂದ ಗುಡ್ಡಗಾಡಿನ ರೈತರಿಗೆ ನೇರ ಹಣ ಕೊಡುತ್ತಿದೆ. ಲೆಕ್ಕ ಇಳಿಜಾರಿನ ಮೇಲೆ. 20 ಮೀಟರಿಗೆ 1 ಮೀಟರ್ ಅಥವಾ ಅದಕ್ಕಿಂತ ಹೆಚ್ಚು ಏರುವ ಗದ್ದೆಗೆ 10 ಆರ್‌ಗೆ, ಅಂದರೆ ನಮ್ಮ ಸುಮಾರು 10 ಗುಂಟೆಗೆ, ವರ್ಷಕ್ಕೆ 21,000 ಯೆನ್‌ವರೆಗೆ ಸಿಗುತ್ತದೆ. ಆದರೆ ಊರಿನವರು ಸೇರಿ ಐದು ವರ್ಷ ಸಾಗುವಳಿ ಬಿಡುವುದಿಲ್ಲವೆಂದು ಒಪ್ಪಂದ ಮಾಡಿಕೊಳ್ಳಬೇಕು. ಹಣದ ಒಂದು ಪಾಲು ರೈತನಿಗೆ, ಇನ್ನೊಂದು ಪಾಲು ಕಾಲುವೆ, ಹಂದಿ ಬೇಲಿಯಂಥ ಊರೊಟ್ಟಿನ ಕೆಲಸಕ್ಕೆ. ಮಗ ಎಲ್ಲಿದ್ದಾನೆ ಎಂದು ಯಾರೂ ಕೇಳುವುದಿಲ್ಲ, ಗದ್ದೆ ಬೆಳೆಯುತ್ತಿದೆಯೇ ಎಂದು ಕೇಳುತ್ತಾರೆ.

ನಮ್ಮ ಊರಿನಲ್ಲಿ ಹಾಗಲ್ಲ. 2019ರಲ್ಲಿ ಬಂದ ಪಿಎಂ ಕಿಸಾನ್ ಯೋಜನೆಯಲ್ಲಿ ವರ್ಷಕ್ಕೆ 6,000 ರೂಪಾಯಿ, ಮೂರು ಕಂತು. (ಕರ್ನಾಟಕ ಸರ್ಕಾರ ಆಗ ಇದಕ್ಕೆ 4,000 ಸೇರಿಸಿತ್ತು, ಈಗ ಅದು ಇಲ್ಲ.) ಇಲ್ಲಿ ಮುಖ್ಯ ಪ್ರಶ್ನೆ ಪಹಣಿಯಲ್ಲಿ ಯಾರ ಹೆಸರಿದೆ ಎಂಬುದು. ನಮ್ಮ ವೃತ್ತಿಯ ಭಾಷೆಯಲ್ಲಿ ಹೇಳುವುದಾದರೆ, ಹೆಸರೇ ಪ್ರೈಮರಿ ಕೀ!

ಕಳೆದ ಸಲ ಫೋನಿನಲ್ಲಿ ಅಪ್ಪ, "ಜಮೀನು ನಿನ್ನ ಹೆಸರಿಗೇ ಮಾಡಿಬಿಡ್ತೀನಿ ಮಾರಾಯ, ನನಗೂ ವಯಸ್ಸಾಯ್ತು" ಎಂದರು. ಸ್ವಲ್ಪ ತಡೆಯಿರಿ ಎಂದೆ. ಕಾರಣ ಹೀಗಿದೆ. ಅನಿವಾಸಿ ಭಾರತೀಯರಿಗೂ ಆದಾಯ ತೆರಿಗೆ ಕಟ್ಟುವವರಿಗೂ ಈ ಹಣ ಇಲ್ಲ. ಯೋಜನೆಯ ಪ್ರಕಾರ ಕುಟುಂಬ ಎಂದರೆ ಗಂಡ, ಹೆಂಡತಿ, ಅಪ್ರಾಪ್ತ ಮಕ್ಕಳು ಮಾತ್ರ. ಹಾಗಾಗಿ ಮಗ ಕೋಬೆಯಲ್ಲಿ ಸಂಬಳ ಎಣಿಸುತ್ತಿದ್ದರೂ ಅಪ್ಪನ ಹಕ್ಕಿಗೆ ತೊಂದರೆಯಿಲ್ಲ. ಆದರೆ ದಾನಪತ್ರ ಮಾಡಿ ಖಾತೆ ಪೂರ್ತಿ ಮಗನ ಹೆಸರಿಗೆ ಬಂದರೆ ಉಳುವ ಅಪ್ಪನಿಗೆ ಹಣ ನಿಂತಂತೆಯೇ. ಮರಳಿ ಅಪ್ಪನ ಹೆಸರಿಗೆ ಮಾಡಿದರೆ ಸರಿಹೋಗುತ್ತದೆಯೇ? ಅದೂ ಕಷ್ಟ, ಏಕೆಂದರೆ ಅರ್ಹತೆಗೆ 2019ರ ಫೆಬ್ರವರಿ 1ರ ದಾಖಲೆ ಆಧಾರ. ಆಮೇಲಿನ ಬದಲಾವಣೆಗಳಲ್ಲಿ ಜಮೀನಿನವರು ತೀರಿಕೊಂಡು ವಾರಸುದಾರರಿಗೆ ಬಂದದ್ದಕ್ಕೆ ಮಾತ್ರ ವಿನಾಯಿತಿ. ಪಹಣಿ ಇನ್ನೂ ತೀರಿಹೋದ ಅಜ್ಜನ ಹೆಸರಲ್ಲೇ ಇದ್ದರೆ ಮೊದಲು ಪೌತಿ ಖಾತೆ ಮಾಡಿಸಬೇಕು. ಭೂಮಿ ಜಾಲತಾಣದಲ್ಲಿ ಸರ್ವೆ ನಂಬರ್ ಕೊಟ್ಟರೆ ಇಲ್ಲಿಂದಲೇ ಪಹಣಿ ನೋಡಬಹುದು.

ಇನ್ನೊಂದು ತಪ್ಪು ನನ್ನದೇ. 2022ರಲ್ಲಿ ಇ-ಕೆವೈಸಿ ಕಡ್ಡಾಯವಾದಾಗ ಅಪ್ಪನ ಕಂತು ಬರಲಿಲ್ಲ. ಅವರ ಆಧಾರ್‌ಗೆ ಹಿಂದೊಮ್ಮೆ ಜಾಣತನದಿಂದ ನನ್ನ ಭಾರತದ ನಂಬರ್ ಜೋಡಿಸಿದ್ದೆ! ಆ ಸಿಮ್ ಸತ್ತು ಎರಡು ವರ್ಷವಾಗಿತ್ತು, ಓಟಿಪಿ ಎಲ್ಲಿಗೆ ಬರಬೇಕು? ಸೇವಾ ಕೇಂದ್ರದಲ್ಲಿ ಹೆಬ್ಬೆಟ್ಟು ಇಡಲು ಹೋದರೆ, ಹಾರೆ ಹಿಡಿದ ಕೈಯ ಗೆರೆಗಳು ಯಂತ್ರಕ್ಕೆ ಕಾಣಲೊಲ್ಲವು. ಮೂರನೇ ಸಲ ಹೋದಾಗ ಕೆಲಸವಾಯಿತು. 2023ರಿಂದ ಮೊಬೈಲ್ ಆಪ್‌ನಲ್ಲಿ ಮುಖ ತೋರಿಸಿಯೂ ಇದನ್ನು ಮುಗಿಸಬಹುದು. ಆಧಾರ್‌ಗೆ ಬೇರೆ ನಂಬರ್ ಜೋಡಿಸುವುದನ್ನೂ ಮರೆಯಬಾರದು. ಸಕುರಾ ನೋಡಲು ಅಪ್ಪ ಅಮ್ಮನನ್ನು ಕರೆಸಿಕೊಳ್ಳುವವರು ಅವರು ವಿಮಾನ ಹತ್ತುವ ಮೊದಲೇ ಆ ಕೆಲಸ ಮುಗಿಸಿರಲಿ.