ಗುರುತು ಸಿಗದ ಉಪಕರಣಗಳು: ಡ್ರೈವರುಗಳನ್ನು ಶೋಧಿಸುವ ಕ್ರಮ

ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು 2025ರ ಅಕ್ಟೋಬರ್ 14ರಂದು ಕೊನೆಗೊಳಿಸಿದುದು ಸರ್ವವಿದಿತವಷ್ಟೆ. ಇದರಿಂದಾಗಿ ಹಳೆಯ ಆಪರೇಟಿಂಗ್ ಸಿಸ್ಟಂ ಅನ್ನು ಪೂರ್ಣವಾಗಿ ಅಳಿಸಿ ಹೊಸದನ್ನು ಸ್ಥಾಪಿಸಬೇಕಾದ ಸಂದರ್ಭವು ಕಾಲೇಜುಗಳಿಗೂ ಒದಗುತ್ತಿದೆ. ಸ್ಥಾಪನೆಯು ನಿರ್ವಿಘ್ನವಾಗಿ ಮುಗಿದ ಬಳಿಕವೂ ವೈಫೈ ಕಾಣಿಸದಿರುವುದು, ಧ್ವನಿ ಹೊರಡದಿರುವುದು, ಹಸ್ತಪ್ರತಿಗಳನ್ನು ಪ್ರತಿಮಾಡುತ್ತಿದ್ದ ಸ್ಕ್ಯಾನರ್ ನಿಶ್ಚೇಷ್ಟಿತವಾಗಿರುವುದು ಉಂಟು. ಆಗ ಉಪಕರಣವೇ ಕೆಟ್ಟಿತೆಂದು ಭಾವಿಸಿ ಅದನ್ನು ತ್ಯಜಿಸುವವರೂ ಇದ್ದಾರೆ. ಬಹುಮಟ್ಟಿಗೆ ಉಪಕರಣವು ಕೆಟ್ಟಿರುವುದಿಲ್ಲ. ಅದಕ್ಕೂ ಸಿಸ್ಟಂಗೂ ನಡುವೆ ದುಭಾಷಿಯಂತೆ ವರ್ತಿಸುವ ಡ್ರೈವರ್ ಎಂಬ ತಂತ್ರಾಂಶವು ಅಲ್ಲಿರುವುದಿಲ್ಲ. ಈ ಡ್ರೈವರನ್ನು ಊಹೆಯನ್ನು ಬಿಟ್ಟು ಪ್ರಮಾಣದ ಬಲದಿಂದ ಶೋಧಿಸುವ ಕ್ರಮವನ್ನು ನಿರೂಪಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಡ್ರೈವರುಗಳ ಚರಿತ್ರೆಯನ್ನು ಅವಲೋಕಿಸಿದರೆ ಸಮಸ್ಯೆಯ ಸ್ವರೂಪವು ಸ್ಪಷ್ಟವಾಗುತ್ತದೆ. ಹೊರಗಿನಿಂದ ತಂದ ಡ್ರೈವರುಗಳನ್ನು ಒಂದು ಕಡತದಲ್ಲಿ ಹೆಸರಿಸಿ ಸೇರಿಸುವ ಅನುಕೂಲವು 1983ರ ಎಂಎಸ್-ಡಾಸ್ 2.0 ಆವೃತ್ತಿಯಲ್ಲಿ ದೊರೆಯಿತು. ಆದರೆ ಯಂತ್ರದೊಳಗೆ ಯಾವ ಕಾರ್ಡು ಇದೆಯೆಂಬುದನ್ನು ಮನುಷ್ಯನೇ ತಿಳಿದಿರಬೇಕಾಗಿತ್ತು. ಅನೇಕ ಕಾರ್ಡುಗಳಲ್ಲಿ ಜಂಪರುಗಳನ್ನು ಕೈಯಿಂದಲೇ ಹೊಂದಿಸಬೇಕಾಗಿತ್ತು. 1992ರಲ್ಲಿ ಇಂಟೆಲ್ ಸಂಸ್ಥೆಯು ಹೊರತಂದ ಪಿಸಿಐ ವ್ಯವಸ್ಥೆಯಲ್ಲಿ ಪ್ರತಿಯೊಂದು ಉಪಕರಣವೂ ತನ್ನ ಗುರುತನ್ನು ತಾನೇ ತಿಳಿಸುವಂತಾಯಿತು. ಅಂತಹ ಗುರುತನ್ನು ಓದಿ ತಕ್ಕ ಡ್ರೈವರನ್ನು ಸಿಸ್ಟಮ್ಮೇ ಹುಡುಕಿಕೊಳ್ಳುವ ಪದ್ಧತಿಯು 1995ರ ವಿಂಡೋಸ್ 95ರಿಂದ ಬಳಕೆಗೆ ಬಂದಿತು.

ಈ ಗುರುತಿನಲ್ಲಿ ಮುಖ್ಯವಾದುವು ಎರಡು ಸಂಖ್ಯೆಗಳು. ಮೊದಲನೆಯದು ತಯಾರಕರನ್ನು ಸೂಚಿಸುವುದು. ಎರಡನೆಯದು ಆ ತಯಾರಕರು ಆ ಬಗೆಯ ಉಪಕರಣಕ್ಕೆ ಕೊಟ್ಟಿರುವುದು. ಒಂದೊಂದರಲ್ಲಿಯೂ ನಾಲ್ಕು ಚಿಹ್ನೆಗಳಿದ್ದು, 0ಯಿಂದ 9ರವರೆಗಿನ ಅಂಕಿಗಳೊಡನೆ ಎ ಮೊದಲ್ಗೊಂಡು ಎಫ್‌ವರೆಗಿನ ಇಂಗ್ಲಿಷ್ ಅಕ್ಷರಗಳೂ ಅವುಗಳಲ್ಲಿ ಬರುತ್ತವೆ. ಎಪಿಗ್ರಾಫಿಯ ಕರ್ನಾಟಿಕ ಸಂಪುಟಗಳಲ್ಲಿ ಶಾಸನವನ್ನು ತಾಲ್ಲೂಕಿನ ಹೆಸರು, ಕ್ರಮಸಂಖ್ಯೆ ಎಂಬೆರಡರಿಂದ ನಿರ್ದೇಶಿಸುವ ರೂಢಿಯನ್ನು ಇತಿಹಾಸದ ವಿದ್ಯಾರ್ಥಿಗಳು ಬಲ್ಲರು. ಊರಿನವರು ಕಲ್ಲನ್ನು ಯಾವ ಹೆಸರಿನಿಂದ ಕರೆದರೂ ಆ ನಿರ್ದೇಶನದಿಂದ ಶಾಸನವನ್ನು ಗುರುತಿಸಬಹುದು. ಇಲ್ಲಿಯೂ ಹಾಗೆಯೇ. 8086 ಎಂದರೆ ಇಂಟೆಲ್, 10ಡಿಇ ಎಂದರೆ ಎನ್ವಿಡಿಯ, 10ಇಸಿ ಎಂದರೆ ರಿಯಲ್‌ಟೆಕ್. 10ಇಸಿ, 8168 ಎಂಬ ಜೋಡಿಯು ರಿಯಲ್‌ಟೆಕ್‌ನ ಗಿಗಾಬಿಟ್ ಈಥರ್‌ನೆಟ್ ಉಪಕರಣವನ್ನು ಸೂಚಿಸುತ್ತದೆ. ಯುಎಸ್‌ಬಿ ಉಪಕರಣಗಳಿಗೂ ಇಂತಹುದೇ ಪದ್ಧತಿಯಿದೆ: 04ಬಿ8 ಎಪ್ಸನ್‌ನ ಸಂಖ್ಯೆ, 03ಎಫ್0 ಎಚ್‌ಪಿಯದು. ಒಂದೇ ಮಾದರಿಯ ಹೆಸರುಳ್ಳ ಎರಡು ಲ್ಯಾಪ್‌ಟಾಪುಗಳಲ್ಲಿ ಬೇರೆಬೇರೆ ತಯಾರಕರ ವೈಫೈ ಕಾರ್ಡುಗಳಿರುವುದು ಅಪರೂಪವಲ್ಲ. ಆದುದರಿಂದ ಪೆಟ್ಟಿಗೆಯ ಮೇಲಿನ ಹೆಸರೊಂದೇ ಸಾಲದು.

ಸಂಖ್ಯೆಯನ್ನು ಓದುವ ವಿಧಾನ ಸುಲಭವಾದುದು. ವಿಂಡೋಸಿನಲ್ಲಿ ಡಿವೈಸ್ ಮ್ಯಾನೇಜರ್ ತೆರೆದರೆ ಗುರುತು ಸಿಗದವು ಹಳದಿ ಚಿಹ್ನೆಯೊಡನೆ ಪ್ರತ್ಯೇಕವಾಗಿ ಕಾಣುತ್ತವೆ. ಅಂತಹುದರ ಪ್ರಾಪರ್ಟೀಸ್‌ನಲ್ಲಿ 28ನೆಯ ಸಂಕೇತವಿದ್ದರೆ ಡ್ರೈವರ್ ಇಲ್ಲವೆಂದು ಅರ್ಥ; 10ನೆಯದಿದ್ದರೆ ಉಪಕರಣವು ಆರಂಭವಾಗಲಿಲ್ಲವೆಂದು ಅರ್ಥ. ಇವೆರಡನ್ನು ಬೆರೆಸಬಾರದು. ಅಲ್ಲಿಯೇ ಡೀಟೈಲ್ಸ್ ಪುಟದಲ್ಲಿ ಹಾರ್ಡ್‌ವೇರ್ ಐಡಿಗಳನ್ನು ಆರಿಸಿದರೆ ಮೇಲೆ ಹೇಳಿದ ಸಂಖ್ಯೆಗಳು ದೊರೆಯುತ್ತವೆ. ಲಿನಕ್ಸಿನಲ್ಲಿ ಎಲ್‌ಎಸ್‌ಪಿಸಿಐ, ಎಲ್‌ಎಸ್‌ಯುಎಸ್‌ಬಿ ಎಂಬ ಆಜ್ಞೆಗಳು ಇದೇ ಕೆಲಸವನ್ನು ಮಾಡುತ್ತವೆ.

ಇನ್ನು ಶೋಧದ ಕ್ರಮ. ಮೊದಲು ಬೇಕಾದುದು ನೆಟ್‌ವರ್ಕಿನ ಡ್ರೈವರು; ಅದಿಲ್ಲದೆ ಉಳಿದವನ್ನು ತರಿಸಿಕೊಳ್ಳುವುದು ಕಷ್ಟ. ಅದನ್ನು ಬೇರೊಂದು ಕಂಪ್ಯೂಟರಿನಿಂದ ಪೆನ್‌ಡ್ರೈವಿನಲ್ಲಿ ತರಬಹುದು. ಅನಂತರ ವಿಂಡೋಸ್ ಅಪ್‌ಡೇಟಿನ ಐಚ್ಛಿಕ ಪಟ್ಟಿಯನ್ನು ನೋಡಬೇಕು. ಅಲ್ಲಿ ದೊರೆಯದಿದ್ದರೆ ಕಂಪ್ಯೂಟರಿನ ತಯಾರಕರ ಬೆಂಬಲ ಪುಟದಲ್ಲಿ ಮಾದರಿಯನ್ನು ಹಿಡಿದು ಹುಡುಕಬೇಕು. ಅಲ್ಲಿಯೂ ಇಲ್ಲದಿದ್ದರೆ ಸಂಖ್ಯೆಯು ತೋರಿಸುವ ಚಿಪ್ ತಯಾರಕರ ಬಳಿಗೆ ಹೋಗಬೇಕು. ಡ್ರೈವರಿನೊಡನೆ ಬರುವ ಐಎನ್‌ಎಫ್ ಕಡತದಲ್ಲಿ ಅದು ಯಾವ ಯಾವ ಸಂಖ್ಯೆಗಳಿಗೆ ಸಲ್ಲುವುದೆಂದು ಬರೆದಿರುತ್ತದೆ. ಅದನ್ನು ತಾಳೆನೋಡುವುದು ಪಾಠಾಂತರಗಳನ್ನು ಹೋಲಿಸುವಷ್ಟೇ ಅವಶ್ಯಕ.

ಕೆಲವೊಮ್ಮೆ ತೊಡಕು ಸ್ಥಾಪನೆಯ ನಡುವೆಯೇ ತೋರುವುದುಂಟು. ಇಂಟೆಲ್‌ನ 11ನೆಯ ಪೀಳಿಗೆಯ ಮತ್ತು ಅನಂತರದ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ವಿಎಂಡಿ ಎಂಬ ಏರ್ಪಾಡು ಜಾರಿಯಲ್ಲಿದ್ದು, ಸ್ಥಾಪಿಸುವಾಗ ಡಿಸ್ಕೇ ಕಾಣಿಸದೆ ಹೋಗಬಹುದು. ಅದರ ಡ್ರೈವರನ್ನು ಪೆನ್‌ಡ್ರೈವಿನಲ್ಲಿ ಸಿದ್ಧಪಡಿಸಿಕೊಂಡು, ಲೋಡ್ ಡ್ರೈವರ್ ಎಂಬುದನ್ನು ಆರಿಸಿ ಒದಗಿಸಿದರೆ ಡಿಸ್ಕು ಕಾಣಿಸಿಕೊಳ್ಳುತ್ತದೆ.

ಸಿಸ್ಟಮ್ಮಿನ ಒಳತಿರುಳಿನಲ್ಲಿ ನಡೆಯುವ ಡ್ರೈವರುಗಳಿಗೆ ಅಲ್ಲಿ ಅಪರಿಮಿತವಾದ ಅಧಿಕಾರವಿರುತ್ತದೆ. ಈ ಕಾರಣದಿಂದಲೇ ಅಂತಹ ಡ್ರೈವರುಗಳಿಗೆ ಡಿಜಿಟಲ್ ಸಹಿ ಇರಬೇಕೆಂಬ ನಿಬಂಧನೆಯು ವಿಸ್ಟಾದ 64 ಬಿಟ್ ಆವೃತ್ತಿಯಿಂದ ಜಾರಿಗೆ ಬಂದಿತು. ಎಲ್ಲ ಡ್ರೈವರುಗಳನ್ನೂ ಒಮ್ಮೆಗೇ ಕೊಡುವೆವೆಂದು ಸಾರುವ ಅಪರಿಚಿತ ತಂತ್ರಾಂಶಗಳನ್ನು ನಂಬಿ, ಪರೀಕ್ಷೆಯ ಅಂಕಗಳೂ ಸಂಶೋಧನ ಸಾಮಗ್ರಿಯೂ ಇರುವ ಯಂತ್ರವನ್ನು ಒಪ್ಪಿಸುವುದು ವಿವೇಕವಲ್ಲ. ಅದಕ್ಕಿಂತ, ಅಳಿಸುವ ಮುನ್ನವೇ ಇರುವ ಡ್ರೈವರುಗಳನ್ನು ಕಾಪಾಡಿಕೊಳ್ಳುವುದು ಮೇಲು. ವಿಂಡೋಸ್ 10 ಮತ್ತು 11ರೊಡನೆಯೇ ಬರುವ ಪಿಎನ್‌ಪಿಯುಟಿಲ್ ಎಂಬ ಸಾಧನದಲ್ಲಿ, ಹೊರಗಿನಿಂದ ಸೇರಿದ ಡ್ರೈವರುಗಳನ್ನು ಒಂದು ಫೋಲ್ಡರಿಗೆ ಪ್ರತಿತೆಗೆಯುವ ಆಜ್ಞೆಯಿದೆ.

ಗುರುತು ಸಿಕ್ಕಿದ ಮಾತ್ರಕ್ಕೆ ಡ್ರೈವರ್ ಸಿಕ್ಕೇ ಸಿಗುವುದೆಂದು ಹೇಳಲಾಗದು. ಹಳೆಯ ಸ್ಕ್ಯಾನರಿಗೆ ತಯಾರಕರು ಹೊಸ ವಿಂಡೋಸಿಗೆ ಹೊಂದುವ ಡ್ರೈವರನ್ನು ಬರೆಯದೆಯೇ ಬಿಟ್ಟಿರಬಹುದು. ಆಗಲೂ ನಿರಾಶರಾಗಬೇಕಾಗಿಲ್ಲ, ಲಿನಕ್ಸಿನ ಸೇನ್ ಎಂಬ ತಂತ್ರಾಂಶವು ಇಂತಹ ಅನೇಕ ಹಳೆಯ ಸ್ಕ್ಯಾನರುಗಳನ್ನು ಬಲ್ಲುದು. ಆ ಸ್ಕ್ಯಾನರಿನ ಸಂಖ್ಯೆಯು ಸೇನ್‌ನ ಪಟ್ಟಿಯಲ್ಲಿ ಉಂಟೇ ಎಂದು ನೋಡದೆ ಅದನ್ನು ಹಳೆಯ ಸಾಮಾನುಗಳ ರಾಶಿಗೆ ಸೇರಿಸತಕ್ಕುದಲ್ಲ.